ಸಾಹೇಬರಿಗೆ ಹಲ್ಲು ಕಟ್ಟಿಸಿದ ಪ್ರಸಂಗ

ಮಾರ್ಚ್ ೧೨, ಬುಧವಾರ
ಕಾರ್‌ಶೆಡ್ಡಿನ ಬಾಗಿಲಲ್ಲಿ, ಮಗುಚಿಟ್ಟ ಬಕೆಟ್ಟಿನ ಮೇಲಿಂದ

ಮುದ್ದಿನ ಪುಟ್ಟಿಗೆ,

ಬೆರಳಿಗಂಟಿದ ಕೆಂಪು ಬಣ್ಣ ಸೀಮೆಎಣ್ಣೆಗೂ ಸೋಪಿಗೂ ಜಗ್ಗದಿರುವ ನಿನ್ನ ಅಪ್ಪನ ಮನಸಾರೆ ಆಶೀರ್ವಾದ. ಕಾಗದದ ಅಂಚಿನಲ್ಲಿ ಕಾಣುವ ಹೆಬ್ಬೆಟ್ಟಿನ ಗುರುತು ರಕ್ತದ್ದಲ್ಲ, ಗಾಬರಿಯಾಗಬೇಡ. ನಾನೂ ನಿಮ್ಮಮ್ಮನೂ ಕ್ಷೇಮ. ಅವಳ ಮಂಡಿ ಆಗಾಗ ಮುಷ್ಕರ ಹೂಡುತ್ತದೆ, ಬಾಯಿ ಮಾತ್ರ ಒಂದು ದಿನವೂ ರಜೆ ಹಾಕಿಲ್ಲ.

ನೀನು ಆ ಮೊದಲ ಫೋನ್ ಮಾಡಿ ಹತ್ತಿರ ಹತ್ತಿರ ಎರಡು ವಾರವಾಯಿತು. ಅಂದಿನಿಂದ ನಿಮ್ಮಮ್ಮನೇ ಮಾತಾಡುತ್ತಿದ್ದಾಳೆ, ಅಪ್ಪ ತುಟಿ ಬಿಚ್ಚಿಲ್ಲ. "ಅಪ್ಪ ಎಲ್ಲಿ?" ಎಂದು ನೀನು ಕೇಳಿದಾಗೆಲ್ಲ ಅವಳು "ಕಾರಿನ ಕೆಳಗಿದ್ದಾರೆ" ಎಂದಳಂತೆ. ನೀನು ಅದನ್ನು ನಂಬಲಿಲ್ಲವಂತೆ. ಕೋಪ ಬಂದಿರಬೇಕು, ಅದಕ್ಕೇ ಮಾತಾಡುತ್ತಿಲ್ಲ ಎಂದುಕೊಂಡೆಯಂತೆ. ಪುಟ್ಟಿ, ನಾನು ನಿಜವಾಗಿಯೂ ಕಾರಿನ ಕೆಳಗಿದ್ದೆ. ಉತ್ತರ ತಡವಾದದ್ದಕ್ಕೆ ಕ್ಷಮೆ ಕೇಳುತ್ತೇನೆ. ಆದರೆ ನನ್ನ ಉತ್ತರಕ್ಕೆ ಪ್ರೈಮರ್ ಬಳಿದು, ಒಣಗಿಸಿ, ಉಜ್ಜಿ, ಎರಡು ಕೋಟು ಬಣ್ಣ ಹೊಡೆಯಬೇಕಿತ್ತು. ಅದಕ್ಕೇ ಇಷ್ಟು ಹೊತ್ತಾಯಿತು.

ಮೊದಲಿಂದ ಹೇಳುತ್ತೇನೆ, ಮಧ್ಯೆ ಬಾಯಿ ಹಾಕಬೇಡ.

ನೀನು ಗಂಡನ ಮನೆ ಬಿಟ್ಟು ಬರುವ ಸುದ್ದಿ ಹೇಳಿದ ಮರುದಿನವೇ ನಮ್ಮಲ್ಲಿ ಮಹಾಸಭೆ ಕೂಡಿತು. ಹಾಜರಿದ್ದವರು ನಿಮ್ಮಮ್ಮ, ನಿನ್ನ ಸೋದರಮಾವ, ಮತ್ತು ಮತಾಧಿಕಾರವಿಲ್ಲದ ಸದಸ್ಯನಾಗಿ ನಾನು. ಚರ್ಚೆಯ ವಿಷಯ, ಮಗಳನ್ನು ಕರೆತರುವುದು ಹೇಗೆ. ರಾತ್ರಿ ಬಸ್ಸಿಗೆ ಹತ್ತಿ ಬೆಳಗಾಗುವ ಮೊದಲೇ ಇಳಿದು, ಯಾರೂ ಏಳುವುದರೊಳಗೆ ಮನೆ ಸೇರುತ್ತೇನೆ ಎಂದು ನೀನು ಹೇಳಿದ್ದೆಯಂತೆ. ಅದನ್ನು ಕೇಳಿ ನಿನ್ನ ಮಾವನಿಗೆ ಉತ್ಸಾಹ ಬಂತು.

"ಬಸ್ಸೆಲ್ಲಾ ಯಾಕೆ ಭಾವ? ನನ್ನ ಹೊಸ ಕಾರಿದೆ. ಕಪ್ಪು ಗಾಜು, ಎಸಿ, ಸದ್ದೇ ಇಲ್ಲ. ಕತ್ತಲಾದ ಮೇಲೆ ಹೊರಟು ಗೇಟಿನೊಳಕ್ಕೇ ತಂದು ಬಿಡ್ತೀನಿ. ಒಂದು ನರಪಿಳ್ಳೆಗೂ ಗೊತ್ತಾಗಲ್ಲ."

ಅವನು ಒಳ್ಳೆಯವನೇ. ಅವನ ಒಳ್ಳೆಯತನಕ್ಕೂ ಕಪ್ಪು ಗಾಜಿದೆ, ಅಷ್ಟೆ. ನಾನು ಹೇಳಿದೆ, "ನನ್ನ ಮಗಳೇನು ಕದ್ದ ಮಾಲೇನಯ್ಯಾ? ಹಗಲಲ್ಲಿ ಬರ್ತಾಳೆ. ನನ್ನ ಕಾರಲ್ಲಿ ಬರ್ತಾಳೆ. ಮುಂದಿನ ಸೀಟಲ್ಲಿ ಕೂತು, ಗಾಜು ಇಳಿಸ್ಕೊಂಡು ಬರ್ತಾಳೆ."

ಈ ಮನೆಯಲ್ಲಿ ನಾನು ಇಷ್ಟು ಉದ್ದ ಮಾತಾಡಿದ್ದು ಹಿಂದೆ ಯಾವಾಗ ಎಂದು ಇಬ್ಬರೂ ನೆನಪು ಮಾಡಿಕೊಳ್ಳುತ್ತಿದ್ದಂತೆ ಕಂಡಿತು. ಆಮೇಲೆ ನಿಮ್ಮಮ್ಮ ಎದ್ದು, ನನ್ನ ಕೈ ಹಿಡಿದು ಶೆಡ್ಡಿಗೆ ಕರೆದೊಯ್ದು, ಸಾಹೇಬರ ಹಿಂಭಾಗದ ಎದುರು ನಿಲ್ಲಿಸಿದಳು. (ಸಾಹೇಬರು ಎಂದರೆ ನಮ್ಮ ಕಾರು ಎಂದು ನಿನಗೆ ಹೇಳಬೇಕಿಲ್ಲ. ಕರೆದಾಗ ಬಾರದೆ, ಬಂದರೆ ಎಲ್ಲರನ್ನೂ ಕಾಯಿಸುವವರನ್ನು ಮತ್ತೇನೆಂದು ಕರೆಯುವುದು?)

"ನೋಡಿ, ಇದರಲ್ಲಿ ಬರ್ತಾಳಾ?"

ನೋಡಿದೆ. ಹಿಂದಿನ ಬಂಪರಿಗೂ ಬಾಡಿಗೂ ನಡುವೆ ಸಂದಿ ಇರುತ್ತದಲ್ಲ, ಅದನ್ನು ಮುಚ್ಚಲು ಎಡಕ್ಕೊಂದು ಬಲಕ್ಕೊಂದು ಪ್ಲಾಸ್ಟಿಕ್ಕಿನ ಪಟ್ಟಿ ಕೂರಿಸಿರುತ್ತಾರೆ. ಫಿಲ್ಲರ್ ಎನ್ನುತ್ತಾರೆ. ಕಾರು ಗಟ್ಟಿಯಿರುವವರೆಗೆ ಅದು ಇದೆಯೆಂದೇ ಯಾರಿಗೂ ತಿಳಿಯದು. ಸಾಹೇಬರದು ಬಿಸಿಲು ತಿಂದು ತಿಂದು ಹಳಸಿದ ಬಿಸ್ಕತ್ತಾಗಿತ್ತು. ಎಡಗಡೆಯದು ಅರ್ಧ ಉದುರಿತ್ತು. ಬಲಗಡೆ ಪಟ್ಟಿ ಇದ್ದ ಜಾಗದಲ್ಲಿ ಒಂದು ತುಕ್ಕು ಹಿಡಿದ ಬೋಲ್ಟು ಮಾತ್ರ ಒಂಟಿ ಹಲ್ಲಿನಂತೆ ನಿಂತಿತ್ತು.

"ಬೊಚ್ಚುಬಾಯಿ! ಊರವರ ಬಾಯಿಗೆಲ್ಲಾ ಹಲ್ಲು ಕಟ್ತೀರಿ, ನಿಮ್ಮನೆ ಕಾರು ಬೊಚ್ಚುಬಾಯಿ ಬಿಟ್ಕೊಂಡು ನಿಂತಿದೆ," ಎಂದಳು ನಿಮ್ಮಮ್ಮ. "ನನ್ನ ಮಗಳು ಇದರಿಂದ ಇಳಿದ್ರೆ ಬೀದಿಯವರು ಏನಂತಾರೆ? ಎಲ್ಲಾ ಕಳ್ಕೊಂಡು ಮುರುಕು ಗಾಡೀಲಿ ಬಂದ್ಲು ಅಂತಾರೆ. ಹದಿನೈದನೇ ತಾರೀಕು ಶನಿವಾರ ಅವಳನ್ನ ಕರ್ಕೊಂಡು ಬರೋದು. ಅಷ್ಟರಲ್ಲಿ ಇದು ನೆಟ್ಟಗಾದ್ರೆ ಇದು. ಇಲ್ದಿದ್ರೆ ನನ್ನ ತಮ್ಮನ ಕಾರು, ಕಪ್ಪು ಗಾಜು, ರಾತ್ರಿ. ಆಮೇಲೆ ನನ್ನ ಹತ್ರ ಮಾತಿಲ್ಲ."

ಹೀಗೆ ಪಣ ಗೊತ್ತಾಯಿತು. ನಿನ್ನ ಮಾವ ಕಾರಿನ ಹಿಂದೆ ಬಗ್ಗಿ ನೋಡಿ, "ಭಾವ, ಇದಕ್ಕೆ ಫಿಲ್ಲರ್ ಹಾಕಿಸೋದಕ್ಕಿಂತ ಫಿಲ್ಲರಿಗೊಂದು ಕಾರು ಹಾಕಿಸೋದು ವಾಸಿ," ಎಂದು ನಗುತ್ತಾ ಹೋದ.

ಮೂವತ್ತು ವರ್ಷದಿಂದ ಹಲ್ಲಿನ ಸೆಟ್ಟು ಮಾಡುವವನಿಗೆ ಇದೊಂದು ಲೆಕ್ಕವೇ ಎಂದುಕೊಂಡೆ. ಈ ಅಹಂಕಾರವನ್ನು ಗುರುತಿಟ್ಟುಕೋ. ಮುಂದೆ ಅದಕ್ಕೆ ತಕ್ಕ ಸತ್ಕಾರ ಆಗಲಿಕ್ಕಿದೆ.

ಹಳೆ ಕಾರಿನ ಬಿಡಿಭಾಗ ಮಾರುವವನ ಹತ್ತಿರ ಫೈಬರಿನ ಹೊಸ ಪಟ್ಟಿಗಳು ಸಿಕ್ಕವು. ಬೂದಿಬಣ್ಣ, ಒರಟು ಅಂಚು. "ಕರೆಕ್ಟಾಗಿ ಕೂರುತ್ತೆ ಸಾರ್, ಕಣ್ಣುಮುಚ್ಚಿ ತಗೊಳ್ಳಿ," ಎಂದ. ಅವನು ಮಾರುವಾಗ ಕಣ್ಣುಮುಚ್ಚಿದ್ದನೆಂದು ಕಾಣುತ್ತದೆ. ಮನೆಗೆ ತಂದು ಇಟ್ಟರೆ ಒಂದು ಪಟ್ಟಿ ಬೆರಳಗಲದಷ್ಟು ಹೆಚ್ಚು ಉದ್ದ, ಇನ್ನೊಂದು ಬಾಡಿಯ ಕಡೆ ಬೆನ್ನು ತಿರುಗಿಸಿಕೊಂಡು ಮುನಿಸಿಕೊಂಡಂತೆ ಬಾಗಿದೆ. ಹಳೆಯ ಬೋಲ್ಟುಗಳಂತೂ ಬಿಚ್ಚಲು ಒಪ್ಪಲೇ ಇಲ್ಲ. ಎಣ್ಣೆ ಬಿಟ್ಟೆ, ಬೇಡಿಕೊಂಡೆ, ಬೈದೆ. ಮೂರು ಬಂದವು. ನಾಲ್ಕನೆಯದು ಬಂತು, ಆದರೆ ಅರ್ಧ. ಉಳಿದರ್ಧವನ್ನು ಡ್ರಿಲ್ಲಿನಿಂದ ಕೊರೆದು ತೆಗೆದೆ. ನಿಮ್ಮಮ್ಮ ಟಾರ್ಚು ಹಿಡಿದು ಕೂತವಳು, "ರೂಟ್ ಕೆನಾಲಾ?" ಎಂದಳು.

ಕೂರಿಸುವ ಕೆಲಸದಲ್ಲಿ ಮಾತ್ರ ನನ್ನ ವಿದ್ಯೆ ಮಿಂಚಿತು, ಹೇಳಿಕೊಳ್ಳದೆ ಇರಲಾರೆ. ಹಲ್ಲಿನ ಸೆಟ್ಟು ಎಲ್ಲಿ ತಾಗುತ್ತದೆಂದು ತಿಳಿಯಲು ನಾವು ಒಂದು ನೀಲಿ ಕಾಗದ ಕಚ್ಚಿಸುತ್ತೇವೆ. ಎಲ್ಲಿ ಎತ್ತರವೋ ಅಲ್ಲಿ ನೀಲಿ ಕಲೆ ಬೀಳುತ್ತದೆ, ಅಷ್ಟನ್ನೇ ಅರದಿಂದ ತೇಯುವುದು. ಅದೇ ಕಾಗದವನ್ನು ಪಟ್ಟಿಗೂ ಬಾಡಿಗೂ ನಡುವೆ ಇಟ್ಟು ಒತ್ತಿದೆ. ಕಲೆ ಬಿದ್ದಲ್ಲಿ ತೇಯ್ದೆ. ಮತ್ತೆ ಒತ್ತಿದೆ, ಮತ್ತೆ ತೇಯ್ದೆ. ಅಭ್ಯಾಸಬಲದಿಂದ ಒಮ್ಮೆ ಬಂಪರಿಗೆ "ಸ್ವಲ್ಪ ಬಾಯಿ ತೆಗೀರಿ" ಎಂದೂ ಅಂದುಬಿಟ್ಟೆ. ಎದುರುಮನೆ ಅಜ್ಜಿ ತಮ್ಮ ಜಗುಲಿಯಿಂದ ಅದನ್ನು ಕೇಳಿಸಿಕೊಂಡರು. ಅವರಿಗೆ ಕಿವಿ ಮಂದ ಎನ್ನುವುದು ಅವರೇ ಹಬ್ಬಿಸಿದ ಸುದ್ದಿ. ಅಂತೂ ಎರಡು ಪಟ್ಟಿಯೂ ಕೂತ ಮೇಲೆ ಸಂದಿಯಲ್ಲಿ ಒಂದು ಪೋಸ್ಟ್‌ಕಾರ್ಡ್ ಸಲೀಸಾಗಿ ಓಡಾಡುವಷ್ಟು ಜಾಗ, ಎಲ್ಲ ಕಡೆಯೂ ಒಂದೇ ಸಮ. ನಿಮ್ಮಮ್ಮ ಬೆರಳಾಡಿಸಿ ನೋಡಿ, ನಾನು ಕೇಳದೆಯೇ ಚಹಾ ತಂದುಕೊಟ್ಟಳು. ಇದು ಪದಕಕ್ಕೆ ಸಮ.

ಇನ್ನು ಬಣ್ಣ. ಇಲ್ಲಿಂದ ನಿನ್ನ ಅಪ್ಪನ ಪತನ.

ಸಾಹೇಬರು ಹುಟ್ಟಾ ದಾಳಿಂಬೆ ಕೆಂಪು. ಈಗ ನೋಡಿದರೆ ಮಬ್ಬು ಹಿಡಿದು, ಒಗೆದೊಗೆದು ಬೆಳ್ಳಗಾದ ಹಳೆ ಸೀರೆಯ ಬಣ್ಣ. ಆ ಬಣ್ಣಕ್ಕೆ ಹೊಂದಿಸಲು ಬಣ್ಣದಂಗಡಿಗೆ ಕಾರನ್ನೇ ಒಯ್ದೆ. ಅಂಗಡಿಯವನು ಮಾದರಿಯ ಚೀಟಿಗಳನ್ನು ಹಿಡಿದು ಬಂದ. ನಾನು ಬಾಟಲಿಯ ನೀರನ್ನು ಕಾರಿನ ಮೂಲೆಗೆ ಸುರಿದೆ.

"ಯಾಕೆ ಸಾರ್ ನೀರು? ಒರೆಸಿ ನೋಡೋಣ."

"ಒಣಗಿದ್ದನ್ನ ನೋಡಬಾರದಪ್ಪ. ಒಣಗಿದ್ರೆ ನಿಜವಾದ ಬಣ್ಣ ಕಾಣಲ್ಲ."

"ಹಾಗಲ್ಲ ಸಾರ್..."

"ನೀನು ಬಣ್ಣ ಮಾರು. ಬಣ್ಣ ನೋಡೋದು ನನ್ನ ಕಸುಬು."

ಪುಟ್ಟಿ, ಹಲ್ಲಿನ ವಿಷಯದಲ್ಲಿ ನಾನು ಹೇಳಿದ್ದು ಹದಿನಾರಾಣೆ ಸತ್ಯ. ಬಾಯಲ್ಲಿ ಹಲ್ಲು ಯಾವಾಗಲೂ ಒದ್ದೆ. ಒಣಗಿಸಿ ಬಣ್ಣ ನೋಡಿದರೆ ಸುಣ್ಣದಂತೆ ಕಾಣುತ್ತದೆ, ಸೆಟ್ಟು ಕೆಡುತ್ತದೆ. ಅದಕ್ಕೇ ನೀರು ಹಾಕುತ್ತೇವೆ. ಆದರೆ ಸಾಹೇಬರ ಹಿಂಭಾಗ ಯಾರ ಬಾಯಲ್ಲೂ ಇರುವುದಿಲ್ಲ ಎನ್ನುವ ಸಣ್ಣ ಸಂಗತಿ ನನಗೆ ಆ ಹೊತ್ತಿಗೆ ಹೊಳೆಯಲಿಲ್ಲ. ಒದ್ದೆ ಕಾರಿಗೆ ಕೂದಲೆಳೆಯಷ್ಟೂ ತಪ್ಪದೆ ಹೊಂದುವ ಬಣ್ಣ ಆರಿಸಿದೆ. ಅಂಗಡಿಯವನು ಅದನ್ನು ಕಲಸಿ ಸ್ಪ್ರೇ ಡಬ್ಬಿಗೆ ತುಂಬಿಕೊಟ್ಟು, ತುಟಿ ಕಚ್ಚಿಕೊಂಡು ಕೈಮುಗಿದ.

ಪಟ್ಟಿಗಳನ್ನು ಬಿಚ್ಚಿ ಹಿತ್ತಲಿನ ಬಟ್ಟೆ ಒಣಗಿಸುವ ತಂತಿಗೆ ತೂಗುಹಾಕಿದೆ. ತಲೆಗೆ ಟೋಪಿ, ಮೂಗಿಗೆ ಮಾಸ್ಕು, ಕೈಗೆ ಗವಸು. ನಿಮ್ಮಮ್ಮ "ಆಪರೇಷನ್ ಸಕ್ಸಸ್ಸಾ ಡಾಕ್ಟ್ರೇ?" ಎಂದಳು. ಒದ್ದೆ ಮಾಡಿದ ಉಪ್ಪುಕಾಗದದಿಂದ ಉಜ್ಜಿ, ಪ್ರೈಮರ್ ಹೊಡೆದು, ಮತ್ತೆ ಉಜ್ಜಿ, ಬಣ್ಣ ಹೊಡೆದೆ. ಮೊದಲ ಕೋಟಿನ ಮೇಲೆ ಒಂದು ನೊಣ ಬಂದು ಕೂತು ಅಲ್ಲೇ ಸಮಾಧಿಯಾಯಿತು. ಅದನ್ನು ಎತ್ತಿ, ಒಣಗಿಸಿ, ಉಜ್ಜಿ, ಮತ್ತೊಮ್ಮೆ ಹೊಡೆದೆ. ಮೇಲೆ ಹೊಳಪಿಗೆ ಲ್ಯಾಕರ್. ತಂತಿಯ ಮೇಲೆ ಎರಡು ಪಟ್ಟಿ ಮಾಣಿಕ್ಯದಂತೆ ಹೊಳೆದವು.

ಭಾನುವಾರ ಬೆಳಿಗ್ಗೆ ಕೂರಿಸಿದೆ. ಕಾರನ್ನು ಬಿಸಿಲಿಗೆ ತಂದು ಹಿಂದೆ ಸರಿದು ನೋಡಿದೆ.

ಏನು ಹೇಳಲಿ. ಮಾಸಿದ ಮುದುಕನ ಬಾಯಿಗೆ ಯಾರೋ ಲಿಪ್‌ಸ್ಟಿಕ್ ಹಚ್ಚಿ, ತುಟಿಯ ತುದಿಗಳೆರಡಕ್ಕೇ ಹಚ್ಚಿ ಓಡಿಹೋದಂತಿತ್ತು. ಮೊದಲು ಬೊಚ್ಚುಬಾಯಿಯನ್ನು ಹತ್ತಿರ ಬಂದವರಷ್ಟೇ ನೋಡುತ್ತಿದ್ದರು. ಈಗ ಬೀದಿಯ ಕೊನೆಯಿಂದಲೂ ಕಣ್ಣಿಗೆ ಹೊಡೆಯುತ್ತಿತ್ತು. ಸರಿಯಾಗಿ ಆ ಮುಹೂರ್ತಕ್ಕೇ ನಿನ್ನ ಮಾವ ಬಂದ. ನೋಡಿದ. ಸ್ಕೂಟರಿನಿಂದ ಇಳಿಯಲಾರದಷ್ಟು ನಕ್ಕ.

"ಶನಿವಾರ ಮಳೆ ಬಂದ್ರೆ ನಿಮಗೆ ಯೋಗ ಇದೆ ಭಾವ. ಇಲ್ದಿದ್ರೆ ದಾರೀ ಉದ್ದಕ್ಕೂ ಹಿಂದೆ ಒಬ್ಬರು ನೀರು ಹಾಕ್ಕೊಂಡು ಓಡಬೇಕು."

ನಿಮ್ಮಮ್ಮ ನಗಲಿಲ್ಲ. ಅದು ಇನ್ನೂ ಕೆಟ್ಟದ್ದು. ಅವಳು ಮೆಲ್ಲಗೆ, "ಹೋಗ್ಲಿ ಬಿಡಿ. ರಾತ್ರೀನೇ ಕರ್ಕೊಂಡು ಬರೋಣ," ಎಂದಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಆ "ಹೋಗ್ಲಿ ಬಿಡಿ"ಗೆ ಇದೇ ಬಕೆಟ್ಟಿನ ಮೇಲೆ ಕುಸಿದು ಕೂತೆ.

ನಿಮ್ಮಮ್ಮ ಒದ್ದೆಬಟ್ಟೆ ತಂದು ಡಿಕ್ಕಿಯ ಮೇಲೆ ಬಿದ್ದಿದ್ದ ಹಕ್ಕಿಯ ಹಿಕ್ಕೆ ಒರೆಸತೊಡಗಿದಳು. ಮನಸ್ಸು ಕೆಟ್ಟಾಗ ಅವಳು ಏನನ್ನಾದರೂ ಒರೆಸುತ್ತಾಳೆ. ಒರೆಸುತ್ತಿದ್ದವಳು ನಿಂತಳು.

"ರೀ. ಇಲ್ಲಿ ಬನ್ನಿ."

ಅವಳು ಒರೆಸಿದ ಅಂಗೈಯಗಲ ಜಾಗ ಇನ್ನೂ ಒದ್ದೆಯಿತ್ತು. ಅಲ್ಲಿ ಡಿಕ್ಕಿಯ ಬಣ್ಣವೂ ಪಟ್ಟಿಯ ಬಣ್ಣವೂ ಅವಳಿಜವಳಿಯಂತೆ ಒಂದೇ.

"ನೀರು ಬಿದ್ರೆ ಇಷ್ಟು ಚೆನ್ನಾಗಿ ಕಾಣುತ್ತೆ ಅಂದ್ರೆ ಕೆಂಪು ಒಳಗೇ ಇದೆ ತಾನೆ? ಮೇಲೆ ಏನೋ ಕೂತಿದೆ. ಅದನ್ನ ತೆಗೆಯಕ್ಕಾಗಲ್ವಾ? ಸೆಟ್ಟು ಮಾಡಿದ್ಮೇಲೆ ಕೊನೆಗೆ ಏನೋ ಹಾಕಿ ಉಜ್ತೀರಲ್ಲ, ಹೊಳೆಯೋ ಹಾಗೆ?"

ಪುಟ್ಟಿ, ನಾನು ಎದ್ದು ನಿಂತ ರಭಸಕ್ಕೆ ಬಕೆಟ್ಟು ಉರುಳಿ ಗೇಟಿನವರೆಗೆ ಹೋಯಿತು. ಪಾಲಿಶ್! ಎರಡು ಪಟ್ಟಿಯನ್ನು ಇಡೀ ಕಾರಿನ ಮಟ್ಟಕ್ಕೆ ಮಂಕು ಮಾಡಬೇಕೆಂದು ನಾನು ತಲೆ ಕೆಡಿಸಿಕೊಂಡಿದ್ದೆ. ನಿಮ್ಮಮ್ಮ ಇಡೀ ಕಾರನ್ನು ಎರಡು ಪಟ್ಟಿಯ ಮಟ್ಟಕ್ಕೆ ಎತ್ತುವ ಮಾತಾಡುತ್ತಿದ್ದಳು.

ಓಡಿಹೋಗಿ ರಬ್ಬಿಂಗ್ ಕಾಂಪೌಂಡ್ ಎಂಬ ಪಾಲಿಶಿನ ಡಬ್ಬಿ ತಂದೆ. ಬಣ್ಣದಂಗಡಿಯವನು ಏನನ್ನೂ ಕೇಳದೆ, ಮೊದಲೇ ತೆಗೆದಿಟ್ಟಿದ್ದವನಂತೆ ಕೊಟ್ಟ. ಉಜ್ಜತೊಡಗಿದೆವು. ಮೊದಲ ಸುತ್ತಿಗೇ ಬಟ್ಟೆಯೆಲ್ಲ ಕೆಂಪಾಯಿತು. "ಅಯ್ಯೋ, ಬಣ್ಣವೇ ಬಿಡ್ತಿದೆ!" ಎಂದು ನಿಮ್ಮಮ್ಮ ಕೂಗಿದಳು. "ಬಿಡೋದು ಸತ್ತಿರೋ ಬಣ್ಣ, ಬಿಡ್ಲಿ," ಎಂದೆ, ನನಗೂ ಖಾತ್ರಿ ಇಲ್ಲದಿದ್ದರೂ. ಒಣಬಟ್ಟೆಯಿಂದ ಒರೆಸಿದಾಗ ಆ ಮೂಲೆಯಲ್ಲಿ ಆಕಾಶ ಕಂಡಿತು. ಅದರ ಪಕ್ಕದಲ್ಲಿ ನನ್ನ ಮೂಗು.

ಆಮೇಲೆ ಮೂರು ದಿನ ಈ ಮನೆಯಲ್ಲಿ ಉಜ್ಜುವುದು ಬಿಟ್ಟು ಮತ್ತೊಂದಿಲ್ಲ. ಲ್ಯಾಬಿನ ಕೆಲಸ ಬಾಕಿ ಬಿತ್ತು. ಪಾಪ, ಒಬ್ಬ ನಿವೃತ್ತ ಹೆಡ್‌ಮಾಸ್ತರರು ಸೆಟ್ಟಿಗಾಗಿ ಕಾಯುತ್ತಾ ಇನ್ನೂ ಗಂಜಿಯ ಮೇಲಿದ್ದಾರೆ. ಮಂಗಳವಾರ ಎದುರುಮನೆ ಅಜ್ಜಿ ಕೋಲೂರಿಕೊಂಡು ಬಂದರು.

"ಏನಪ್ಪಾ, ಕಾರು ಮಾರ್ತೀಯಾ?"

"ಇಲ್ಲಮ್ಮ. ಮಗಳು ಬರ್ತಿದಾಳೆ."

"ರಜಕ್ಕಾ?"

ನಿಮ್ಮಮ್ಮನ ಕೈ ನಿಂತಿತು. ನನ್ನ ಕೈ ಮಾತ್ರ ನಿಲ್ಲಲಿಲ್ಲ.

"ಇರೋದಕ್ಕಮ್ಮ. ಅಲ್ಲಿ ಬಿಟ್ಟು ಬರ್ತಿದಾಳೆ. ಇನ್ನು ಇಲ್ಲೇ."

ಬೀದಿಗೆ ಕೇಳುವಷ್ಟು ಗಟ್ಟಿಯಾಗಿಯೇ ಹೇಳಿದೆ. ಅಜ್ಜಿ ನನ್ನನ್ನು ನೋಡಿದರು, ನಿಮ್ಮಮ್ಮನನ್ನು ನೋಡಿದರು, ಕಾರಿನ ಸುತ್ತ ಒಂದು ಸುತ್ತು ಬಂದರು. ಆಮೇಲೆ ಎಡಗಡೆಯ ಬಾಗಿಲಿಗೆ ಕೋಲಿನಿಂದ ತಟ್ಟಿದರು.

"ಮತ್ತೆ ಈ ಕಡೆ ಅರ್ಧಕ್ಕೇ ಬಿಟ್ಟಿದ್ದೀಯಲ್ಲೋ. ಮಗು ಇಳಿಯೋದು ಈ ಬಾಗಿಲಿಂದ ತಾನೆ? ನಮ್ಮನೆಗೆ ಕಾಣೋದು ಇದೇ ಕಡೆ. ನೆಟ್ಟಗೆ ಉಜ್ಜು."

ಅಷ್ಟು ಹೇಳಿ ಹೋದವರು ಸುಮ್ಮನಾಗಲಿಲ್ಲ. ತಮ್ಮ ಹಳೆಯ ಮೆತ್ತನೆಯ ಬೆಡ್‌ಶೀಟೊಂದನ್ನು ಹರಿದು ತುಂಡು ಮಾಡಿ ಕಳಿಸಿದರು. ಜೊತೆಗೆ, ಚಕ್ರದ ಮುಚ್ಚಳಗಳನ್ನೂ ಮರೆಯಬಾರದೆಂದು ಆಜ್ಞೆ. ನಾಳೆಯೊಳಗೆ ಬೀದಿಗೆಲ್ಲ ಸುದ್ದಿ ಹಂಚುವ ಕೆಲಸ ಅವರದು, ನಮಗೆ ಆ ಶ್ರಮವೂ ಇಲ್ಲ.

ಸಂಜೆ ನಿನ್ನ ಮಾವ ಹಾಸ್ಯದ ಹೊಸ ಸರಕು ಹೊತ್ತು ಬಂದ. ಕಾರನ್ನು ನೋಡಿದ್ದೇ ಆ ಸರಕನ್ನು ಮರೆತ. ಪಟ್ಟಿ ಯಾವುದು, ಬಾಡಿ ಯಾವುದು ಎಂದು ಬಗ್ಗಿ ಬಗ್ಗಿ ಹುಡುಕಿದ. ಬೆರಳು ತಾಗಿಸಲು ಹೋದ.

"ಮುಟ್ಬೇಡ! ಕೈ ತೊಳ್ಕೊಂಡು ಬಾ," ಎಂದಳು ಅವನ ಅಕ್ಕ.

"ಭಾವ, ಇದು ಅದೇ ಕಾರಾ?"

"ಅದೇ. ನೀರು ಹಾಕ್ಕೊಂಡು ಹಿಂದೆ ಓಡೋಕೆ ಒಬ್ಬರು ಬೇಕು ಅಂದಿದ್ಯಲ್ಲ, ಆ ಕೆಲಸ ಖಾಲಿ ಇಲ್ಲ. ಕಾರಿನ ಟಾಪ್ ಉಜ್ಜೋ ಕೆಲಸ ಇದೆ. ನೀನು ಉದ್ದ ಇದ್ದೀಯ, ಕೈ ಎಟುಕುತ್ತೆ."

ಉಜ್ಜಿದ, ಪುಟ್ಟಿ! ಇಸ್ತ್ರಿ ಶರಟಿನ ತೋಳು ಮಡಿಸಿಕೊಂಡು, ಬೆವರು ಸುರಿಸುತ್ತಾ ಉಜ್ಜಿದ. ಕೊನೆಗೆ ಮೆಲ್ಲಗೆ, "ನಾನು ರಾತ್ರಿ ಅಂದಿದ್ದು ಅವಳಿಗೆ ನೋವಾಗ್ಬಾರ್ದು ಅಂತ ಭಾವ," ಎಂದ. "ಗೊತ್ತಯ್ಯಾ, ಆ ಮೂಲೆ ಬಿಟ್ಟೋಯ್ತು ನೋಡು," ಎಂದೆ. ಶನಿವಾರ ಅವನ ಕಾರೂ ಬರುತ್ತದೆ, ನಮ್ಮ ಹಿಂದೆ, ನಿನ್ನ ಪೆಟ್ಟಿಗೆ ಪುಸ್ತಕಗಳನ್ನು ಹೊರಲು. ಸಾಹೇಬರಿಗೆ ಈಗ ಬೆಂಗಾವಲೂ ಆಯಿತು.

ಇವತ್ತು ಬೆಳಿಗ್ಗೆ ಪರೀಕ್ಷೆಗೆಂದು ಹೊರಟೆವು. ನಿಮ್ಮಮ್ಮ ಮುಂದಿನ ಸೀಟಿನಲ್ಲಿ, ಗಾಜು ಇಳಿಸಿ. ಅಂಗಡಿಸಾಲು, ಶಾಲೆ, ಬಸ್‌ನಿಲ್ದಾಣ, ಎಲ್ಲ ಕಡೆಯೂ ನಡೆದುಹೋಗುವವರು ನಮ್ಮನ್ನು ದಾಟಿಹೋಗುವಷ್ಟು ನಿಧಾನವಾಗಿ. ಬಣ್ಣದಂಗಡಿಯ ಮುಂದೆ ಹಾರ್ನ್ ಹೊಡೆದೆ. ಅವನು ಹೊರಗೆ ಬಂದು, ಹಿಂದಿನಿಂದ ಮುಂದಿನವರೆಗೆ ನೋಡಿ, "ಒಣಗಿದ್ರೂ ಸರಿಯಾಗೇ ಇದೆ ಸಾರ್!" ಎಂದು ಕೂಗಿದ. ನಿಮ್ಮಮ್ಮ ಮಹಾರಾಣಿಯಂತೆ ಕೈ ಬೀಸಿದಳು. ಹಿಂದೆ ಬರುತ್ತಿದ್ದ ಲಾರಿಯವನು ಸೈಡು ಕೊಟ್ಟೆವೆಂದುಕೊಂಡು ನುಗ್ಗಿದ, ಅದು ಬೇರೆ ಕಥೆ. ಪಟ್ಟಿಗಳಿಗೆ ಏನೂ ಆಗಲಿಲ್ಲ, ನಾನೇ ಇಳಿದು ನೋಡಿದೆ.

ಆದ್ದರಿಂದ ನಿನಗೆ ತಿಳಿಸುವುದೇನೆಂದರೆ, ರಾತ್ರಿ ಬಸ್ಸಿನ ಟಿಕೆಟ್ಟನ್ನು ಹರಿದುಹಾಕು. ಶನಿವಾರ ಬೆಳಗಿನ ಹೊತ್ತಿಗೆ ಸಾಹೇಬರು ನಿನ್ನ ಬಾಗಿಲಲ್ಲಿರುತ್ತಾರೆ. ನಿನಗಿಷ್ಟವಾದ ಬಟ್ಟೆ ಹಾಕಿಕೋ. ತಲೆ ಬಾಚಿಕೋ, ಇಲ್ಲವೇ ಬಾಚಿಕೊಳ್ಳಬೇಡ, ಗಾಜು ಇಳಿಸಿದ ಮೇಲೆ ಎರಡೂ ಒಂದೇ. ಅಳು ಬಂದರೆ ದಾರಿಯಲ್ಲಿ ಅತ್ತುಬಿಡು, ಅಜ್ಜಿಯ ಬೆಡ್‌ಶೀಟಿನ ತುಂಡುಗಳು ಇನ್ನೂ ಎರಡು ಉಳಿದಿವೆ. ನಮ್ಮ ಬೀದಿಗೆ ತಿರುಗುವಾಗ ಬಿಸಿಲು ನೆತ್ತಿಗೇರಿರಬೇಕೆಂದು ಲೆಕ್ಕ ಹಾಕಿದ್ದೇನೆ. ಈ ಕೆಂಪನ್ನು ಆ ಬಿಸಿಲಲ್ಲಿ ನೋಡಬೇಕು, ಪುಟ್ಟಿ!

ನಿನ್ನ ರೂಮು ಗುಡಿಸಿದ್ದೇವೆ. ಕಾಲ ಕಾಲಕ್ಕೆ ಊಟ ಮಾಡು. ನಿನಗೆ ಎಲ್ಲವೂ ಒಳ್ಳೆಯದಾಗಲಿ, ನಿದ್ದೆ ಚೆನ್ನಾಗಿ ಬರಲಿ, ನಗು ಬೇಗ ಬರಲಿ. ಈ ಕಾಗದವನ್ನು ಈಗಲೇ ಕೊರಿಯರಿನವನಿಗೆ ಕೊಡುತ್ತೇನೆ, ನಾಳೆಯೇ ಮುಟ್ಟಿಸುತ್ತಾನಂತೆ.

ಇಂತೀ ನಿನ್ನ,
ಕೆಂಪು ಕೈಯ ಅಪ್ಪ

ಮರೆತಿದ್ದೆ: ಅಂದು ನೀನು ಫೋನ್ ಮಾಡಿದಾಗ ನಾನು ಪಕ್ಕದಲ್ಲೇ ಇದ್ದೆ. ಸದ್ದು ದೊಡ್ಡದಾಗಿತ್ತು, ಎಲ್ಲಾ ಕೇಳಿಸಿತು. ಆ ಮನೆಯ ವಿಷಯ, ಅವನ ವಿಷಯ, ಅದೆಲ್ಲ ಕೇಳಿ ಸಿಟ್ಟು ಬಂತು, ಸಂಕಟವಾಯಿತು, ಆದರೆ ನಿಂತಿದ್ದೆ. ಕೊನೆಗೆ ನೀನು, "ಅಮ್ಮಾ, ಸ್ವಲ್ಪ ದಿನ ನಾನು ಅಲ್ಲಿ ಬಂದು ಇರಬಹುದಾ? ಅಪ್ಪನ್ನ ಕೇಳಿ ಹೇಳ್ತೀಯಾ?" ಎಂದೆ. ಆಗ ನಿಲ್ಲಲಾಗಲಿಲ್ಲ. ನೇರ ಶೆಡ್ಡಿಗೆ ಹೋಗಿಬಿಟ್ಟೆ. ಸಣ್ಣವಳಿದ್ದಾಗ ಶಾಲೆ ಬಿಟ್ಟು ಬಂದು ಗೇಟನ್ನು ಕಾಲಲ್ಲಿ ಒದ್ದು, "ಯಾರೂ ಇಲ್ವಾ ಈ ಮನೇಲಿ? ಹಸಿವು!" ಎಂದು ಕಿರುಚುತ್ತಿದ್ದವಳು ನೀನು. ಯಾರನ್ನೂ ಏನನ್ನೂ ಕೇಳಿದವಳಲ್ಲ. ನಿನ್ನ ಮನೆಗೆ ಬರಲು ಅಪ್ಪಣೆ ಕೇಳಬೇಕೆಂದು ನಿನಗೆ ಅನ್ನಿಸಿತಲ್ಲ, ಅದೊಂದು ಮಾತ್ರ ಎಷ್ಟು ಉಜ್ಜಿದರೂ ನನ್ನಿಂದ ಹೋಗುತ್ತಿಲ್ಲ, ಮಗಳೇ. ಶನಿವಾರ ನೀನೇ ಬಂದು ತೆಗೆಯಬೇಕು. ಗೇಟು ಮುಚ್ಚಿಟ್ಟಿರುತ್ತೇನೆ. ಒದಿ.